ಹುಳದ ಮನೆಯಲ್ಲಿ ಗೂಢಚಾರರು

ತಿಳಿದ ಸಂಗತಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು, ಏನೂ ಆಗದವರ ಹಾಗೆ ಓಡಾಡುವವರನ್ನು ಕಂಡರೆ ನನಗೆ ಬಹಳ ಗೌರವ. ನನ್ನಿಂದ ಅದು ಆಗುವುದಿಲ್ಲ. ಯಾರಾದರೂ ‘ಯಾರಿಗೂ ಹೇಳಬೇಡಿ’ ಎಂದು ಪೀಠಿಕೆ ಹಾಕಿದರೆ ಸಾಕು, ಯಾರಿಗೆ ಮೊದಲು ಹೇಳಲಿ ಎಂದು ಮನಸ್ಸು ಆಗಲೇ ಹುಡುಕತೊಡಗುತ್ತದೆ. ನಾದಿನಿಗೆ ಗಂಡು ಗೊತ್ತಾದಾಗ, ಮಾತು ಒಸಿ ದಿನ ಮನೆಯಲ್ಲೇ ಇರಲಿ ಎಂದು ನಮ್ಮತ್ತೆ ಹೇಳಿದ್ದರು. ಅದು ಮನೆಯಿಂದ ಯಾವಾಗ ಹೊರಟಿತು, ಯಾವ ದಾರಿಯಲ್ಲಿ ಹೋಯಿತು ಎಂದು ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ಸಂಜೆ ಹೂ ಮಾರುವವಳು ನಾದಿನಿಯನ್ನೇ ನಿಲ್ಲಿಸಿ, ಗಂಡಿನ ಕಡೆಯವರಿಗೆ ತೋಟ ಎಷ್ಟಿದೆ ಎಂದು ಕೇಳಿದಳಂತೆ.

ಇಂಥ ನಾನು ಬಂದು ಸೇರಿದ್ದು ರೇಷ್ಮೆ ಹುಳ ಸಾಕುವ ಮನೆಗೆ. ಹೊಂಗನೂರಿನ ಸುತ್ತ ಹುಳ ಸಾಕುವವರು ತಮ್ಮ ಬೆಳೆಯ ವಿಷಯದಲ್ಲಿ ಬಾಯಿ ಬಿಡುವುದಿಲ್ಲ. ಹುಳ ಹೇಗಿವೆ ಎಂದು ಯಾರೇ ಕೇಳಲಿ, ‘ಏನೋ ಅವೆ’ ಎನ್ನಬೇಕು. ತುಂಬ ಚೆನ್ನಾಗಿದ್ದರೆ ‘ಯಾಕೋ ಈ ಸಲ ಒಸಿ ಮಂಕು’ ಎನ್ನಬೇಕು. ಚೆನ್ನಾಗಿವೆ ಎಂದು ಬಾಯಿತಪ್ಪಿ ಹೇಳಿದರೆ ದೃಷ್ಟಿಯಾಗುತ್ತದೆ. ಕೇಳುವವರೂ ಉತ್ತರಕ್ಕಾಗಿ ಕೇಳುವುದಿಲ್ಲ. ಅವರು ಆಗಲೇ ನಮ್ಮ ಹಿತ್ತಲಿನ ತಿಪ್ಪೆಯ ಮೇಲೆ ಬಿದ್ದಿರುವ ಹಿಪ್ಪುನೇರಳೆ ಸೊಪ್ಪಿನ ಕಡ್ಡಿ ನೋಡಿ, ಹುಳ ಎಷ್ಟು ತಿನ್ನುತ್ತಿವೆ, ಎಷ್ಟು ಗೂಡು ಆದೀತು ಎಂದು ಲೆಕ್ಕ ಹಾಕಿಕೊಂಡೇ ಬಂದಿರುತ್ತಾರೆ. ನಾವೂ ಅವರ ತಿಪ್ಪೆ ನೋಡಿರುತ್ತೇವೆ. ಹೀಗೆ ಒಬ್ಬರ ತಿಪ್ಪೆಯನ್ನು ಒಬ್ಬರು ಕಾಯುತ್ತಾ, ಒಬ್ಬರಿಗೊಬ್ಬರು ಸುಳ್ಳು ಹೇಳುತ್ತಾ, ಬಹಳ ಸ್ನೇಹದಿಂದ ಬದುಕುತ್ತಿದ್ದೇವೆ.

ಅದಕ್ಕೇ ಇರಬೇಕು, ಟಿವಿಯಲ್ಲಿ ಭಾನುವಾರ ಸಂಜೆ ಬರುವ ಗೂಢಚಾರರ ಧಾರಾವಾಹಿ ನಮ್ಮ ಹೆಂಗಸರಿಗೆ ಅಷ್ಟು ಹಿಡಿಸಿದ್ದು. ಎಲ್ಲಿಂದಲೋ ಕನ್ನಡಕ್ಕೆ ತಂದದ್ದು; ತುಟಿ ನಿಂತ ಮೇಲೂ ಮಾತು ಬರುತ್ತಲೇ ಇರುತ್ತದೆ. ಅದಕ್ಕೊಂದು ದೊಡ್ಡ ಹೆಸರಿದೆ, ನಾವು ಯಾರೂ ಹೇಳುವುದಿಲ್ಲ, ‘ಸ್ಪೈ ಸೀರಿಯಲ್’ ಅಷ್ಟೆ. ದಿಲ್ಲಿಯಲ್ಲಿ ಒಂದು ಗುಪ್ತ ಇಲಾಖೆ. ಅಲ್ಲಿನ ಗುಟ್ಟುಗಳು ಹೊರದೇಶಕ್ಕೆ ಸೋರುತ್ತಿವೆ. ಸೋರಿಕೆ ಹಿಡಿಯಲು ಹೋದವನೊಬ್ಬ ಲಾಡ್ಜಿನಲ್ಲಿ ಕೊಲೆಯಾಗಿದ್ದಾನೆ. ಕೊಂದವರು ಯಾರು, ಕೊಲ್ಲಿಸಿದ ಮನೆಹಾಳ ಇಲಾಖೆಯ ಒಳಗೇ ಇದ್ದಾನಲ್ಲ ಅವನು ಯಾರು, ಇದು ಕಥೆ. ಪಾತ್ರಗಳಿಗೂ ನಾವೇ ಹೆಸರಿಟ್ಟಿದ್ದೇವೆ: ದೊಡ್ಡಾಫೀಸರು, ಡ್ರೈವರಪ್ಪ, ಟೈಪು ಮಾಡುವ ಕನ್ನಡಕದೋಳು.

ಸೋಮವಾರ ಬೆಳಿಗ್ಗೆ ಹಾಲಿನ ಡೈರಿಯ ಸಾಲಿನಲ್ಲಿ ಇದರ ಚರ್ಚೆ. ನಮ್ಮ ಹಾಲಿನ ಡಿಗ್ರಿ ನೋಡುವ ಹೊತ್ತಿಗೆ ನಾವು ಆ ಗುಪ್ತ ಇಲಾಖೆಯ ಡಿಗ್ರಿ ನೋಡಿ ಮುಗಿಸಿರುತ್ತೇವೆ. ಆ ಗೂಢಚಾರರ ಕೆಲಸ ನಮಗೆ ಯಾರಿಗೂ ಅಷ್ಟು ಮೆಚ್ಚುಗೆಯಾಗಿಲ್ಲ. ಒಬ್ಬ ಗಡ್ಡ ಅಂಟಿಸಿಕೊಂಡು ಶತ್ರುವಿನ ಮನೆಗೇ ಹೋಗುತ್ತಾನೆ, ಗುರುತೇ ಸಿಗುವುದಿಲ್ಲ. ಸಾಲಿನಲ್ಲಿ ಎಲ್ಲರಿಗಿಂತ ಹಿರಿಯರಾದ ಪುಟ್ಟಗೌರಮ್ಮ, ‘ಗಡ್ಡ ಕಟ್ಕಂಡ್ರೆ ನಡಿಗೆ ಎಲ್ಲೋಯ್ತದೆ? ನಮ್ಮೂರ ಗಡಿಯಾಗೆ ಬರೋನ್ನ ನಡಿಗೆ ನೋಡೇ ಯಾರ ಮಗ ಅಂತೀವಿ’ ಎಂದರು. ಇನ್ನೊಬ್ಬ ಗುಟ್ಟು ಮಾತಾಡಲು ಪಾರ್ಕಿನ ಬೆಂಚಿನ ಮೇಲೆ ಹೆಂಗಸಿನ ಪಕ್ಕ ಕೂರುತ್ತಾನೆ. ನಮ್ಮಲ್ಲಿ ಹಾಗೆ ಕೂತರೆ ಅವರು ಎದ್ದು ಹೋಗುವ ಮೊದಲೇ ಸುದ್ದಿ ಚನ್ನಪಟ್ಟಣ ಬಸ್‌ಸ್ಟ್ಯಾಂಡಿನಲ್ಲಿ ಇಳಿದಿರುತ್ತದೆ.

ಚರ್ಚೆಯಲ್ಲಿ ಎಲ್ಲರಿಗಿಂತ ಮುಂದು ನಮ್ಮ ತೋಟದ ಪಕ್ಕದ ಜಯಮ್ಮ. ನನಗಿಂತ ಚಿಕ್ಕವಳು, ಅಕ್ಕ ಎನ್ನುತ್ತಾಳೆ. ಡ್ರೈವರಪ್ಪ ನಿರಪರಾಧಿ ಎಂದು ಅವಳು ಮೊದಲಿನಿಂದಲೂ ಹೇಳಿಕೊಂಡು ಬಂದಿದ್ದಳು. ಅವನು ನಾಯಿಗೆ ಬನ್ನು ಹಾಕಿದ್ದನ್ನು ಅವಳು ಒಂದು ಕಂತಿನಲ್ಲಿ ನೋಡಿದ್ದಳು. ನಾಯಿಗೆ ಬನ್ನು ಹಾಕುವವನು ಕೊಲೆ ಮಾಡುವುದಿಲ್ಲ ಎಂಬುದು ಅವಳ ವಾದ. ನಾನು ಒಪ್ಪಿರಲಿಲ್ಲ.

ಕೊಲೆಗಾರ ಯಾರೆಂದು ಗೊತ್ತಾಗುವ ಭಾನುವಾರವೇ ಜಯಮ್ಮ ಮೊಮ್ಮಗುವಿನ ನಾಮಕರಣಕ್ಕೆಂದು ಮಾಗಡಿ ಕಡೆಯ ಗುಡೇಮಾರನಹಳ್ಳಿಯಲ್ಲಿದ್ದಳು. ಅಲ್ಲಿ ನೋಡಲಾಗಲಿಲ್ಲ. ಮಾರನೆಯ ದಿನ ಊರಿಗೆ ಹೋಗಿ ಫೋನಿನಲ್ಲಿ ನೋಡೋಣವೆಂದು, ಬಸ್ಸಿನಲ್ಲಿ ಯಾರಾದರೂ ಆ ಮಾತು ತೆಗೆದಾರೆಂದು ಹೆದರಿ, ಮಾಗಡಿಯಿಂದ ಹೊಂಗನೂರಿನವರೆಗೂ ಸೆರಗನ್ನು ಕಿವಿಗೆ ಸುತ್ತಿಕೊಂಡು ಬಂದಿದ್ದಳಂತೆ. ಕಂಡಕ್ಟರು ಚಳಿಜ್ವರವಾ ಎಂದು ಕೇಳಿದನಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಸಂಜೆ ಹಾಲಿಗೆ ಅವಳು ಕ್ಯಾನು ಹಿಡಿದು ಡೈರಿಯ ಮೆಟ್ಟಿಲು ಹತ್ತಿದಳು. ಮಗುವಿಗೆ ಏನು ಹೆಸರಿಟ್ಟರು ಎಂದು ಕೇಳಬೇಕಾದ ನಾನು, ‘ನಿನ್ನ ಡ್ರೈವರಪ್ಪನೇ ಕಣೆ ಕೊಂದೋನು’ ಎಂದುಬಿಟ್ಟೆ.

ಜಯಮ್ಮ ಕ್ಯಾನು ಕೆಳಗಿಟ್ಟು ನನ್ನನ್ನೇ ನೋಡಿದಳು. ‘ಬಾಯಿಗೆ ಒಂದು ಬಿರಟೆ ಹಾಕ್ಕೊಳಕ್ಕ’ ಎಂದಳು, ಅಷ್ಟೆ. ಹಾಲು ಹಾಕಿ ಹೋದಳು.

ಮಾರನೆಯ ದಿನ ಜಯಮ್ಮನ ಮನೆಯಿಂದ ನಮ್ಮ ಸ್ಟೀಲ್ ಡಬ್ಬಿ ವಾಪಸು ಬಂತು. ಹಿಂದಿನ ವಾರ ಅದರಲ್ಲಿ ನಾನು ಕಜ್ಜಾಯ ಕಳಿಸಿದ್ದೆ. ನಮ್ಮಲ್ಲಿ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿಯಿಲ್ಲ. ಏನೂ ಇಲ್ಲದಿದ್ದರೆ ಎರಡು ನಿಂಬೆಹಣ್ಣನ್ನಾದರೂ ಹಾಕುತ್ತಾರೆ. ಡಬ್ಬಿ ತೊಳೆದು, ಒರೆಸಿ, ಖಾಲಿ ಬಂದಿತ್ತು. ಒಳಗೆ ನನ್ನ ಮುಖ ಮಾತ್ರ ಕಾಣುತ್ತಿತ್ತು.

ಇದು ಬರೀ ಮುನಿಸಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ನಮ್ಮ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯದು ಮುಗಿದ ಮೇಲೆ ಒಂದು ವಾರ ಎಡೆಬಿಡದೆ ಸೊಪ್ಪು ತಿಂದು, ಒಂದು ದಿನ ತಿನ್ನುವುದನ್ನು ಬಿಟ್ಟು, ಮೈಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಆಡಿಸತೊಡಗುತ್ತವೆ. ಅದೇ ಹಣ್ಣು ಹುಳ. ಆವತ್ತೇ ಅವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲೆಂದು ಹೆಣೆದ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿಕೊಳ್ಳುತ್ತವೆ; ಅಂಥ ಕಲೆ ಹಿಡಿದ ಗೂಡನ್ನು ರಾಮನಗರದ ಮಾರ್ಕೆಟ್ಟಿನಲ್ಲಿ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಆ ಒಂದು ದಿನಕ್ಕೆ ಮನೆ ತುಂಬ ಕೈ ಬೇಕು. ಕೂಲಿಗೆ ಕರೆಯೋಣವೆಂದರೆ ಹೆಣ್ಣುಮಕ್ಕಳೆಲ್ಲ ಬೆಳಗಾದರೆ ಬಿಡದಿ ಕಡೆಯ ಕಾರ್ಖಾನೆಯ ವ್ಯಾನು ಹತ್ತುತ್ತಾರೆ. ಹಾಗಾಗಿ ನಮ್ಮದು ಮುಯ್ಯಾಳು: ಅವರ ಹುಳ ಹಣ್ಣಾದಾಗ ನಾವು, ನಮ್ಮದಾದಾಗ ಅವರು. ಜಯಮ್ಮನ ಹಿಂದಿನ ಬೆಳೆಗೆ ನಾನು ಹೋಗಿದ್ದೆ. ಈ ಸಲ ಅವಳ ಸರದಿ. ಅವಳು ಹೊರಟರೆ ಉಳಿದವರೂ ಹೊರಡುತ್ತಾರೆ, ಅವಳು ಕೂತರೆ ಎಲ್ಲರಿಗೂ ಅವತ್ತೇ ಸೊಂಟ ನೋವು.

ನಮ್ಮನೆಯವರು ಸೊಪ್ಪು ಹಾಕುತ್ತಾ, ‘ಹೋಗಿ ಒಂದು ಮಾತು ಹೇಳಿ ಬಾ, ನಿಮ್ಮ ಸೀರಿಯಲ್ಲಿಂದ ನನ್ನ ಬೆಳೆ ಹೋಯ್ತದೆ’ ಎಂದರು. ಹೋಗಿ ಏನು ಹೇಳುವುದು? ಮುಯ್ಯಿಗೆ ಬಾ ಎಂದು ಗೋಗರೆದರೆ, ಬರುವುದಿಲ್ಲವೇನೋ ಎಂಬ ಅನುಮಾನ ನನಗಿದೆ ಎಂದು ನಾನೇ ಹೇಳಿದ ಹಾಗೆ. ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ತಪ್ಪಾಯಿತು ಎಂದರೂ ಕೊಲೆಗಾರ ಬದಲಾಗುವುದಿಲ್ಲ. ಕೊನೆಗೆ ಆ ಗುಪ್ತ ಇಲಾಖೆಯವರ ಹಾಗೆ ಮಧ್ಯಸ್ಥರನ್ನು ಹಿಡಿದೆ. ಪುಟ್ಟಗೌರಮ್ಮನ ಮುಂದೆ, ಭಾನುವಾರ ಸೋಮವಾರದ ಹೊತ್ತಿಗೆ ನಮ್ಮ ಹುಳ ಹಣ್ಣಾಗಬಹುದು ಎಂದು, ಬೇರೆ ಯಾರಿಗೋ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದೆ. ಅವರು ‘ಹೂಂ’ ಎಂದರು. ಆ ಹೂಂ ಎಲ್ಲಿಗೆ ತಲುಪಿತೋ, ಜವಾಬು ಮಾತ್ರ ಬರಲಿಲ್ಲ.

ಭಾನುವಾರ ಸಂಜೆ ಧಾರಾವಾಹಿಯಲ್ಲಿ ಆ ಒಳಗಿನ ಮನೆಹಾಳ ಯಾರೆಂದು ಬಯಲಾಗುವುದಿತ್ತು. ಅದೇ ಹೊತ್ತಿಗೆ ನಮ್ಮ ಹುಳದ ಮನೆಯಲ್ಲಿ ಮೂಲೆಯ ತಟ್ಟೆಗಳಲ್ಲಿ ಒಂದೊಂದೇ ತಲೆ ಎತ್ತತೊಡಗಿದವು. ಟಿವಿ ಮುಂದೆ ಕೂರುವ ಹಾಗಿರಲಿಲ್ಲ.

ಸೋಮವಾರ ಬೆಳಗಾಗುವಷ್ಟರಲ್ಲಿ ತಟ್ಟೆಗಳೆಲ್ಲ ಜೇನಿನ ಬಣ್ಣ. ನಾನೂ ನಮ್ಮನೆಯವರೂ ಆರಿಸತೊಡಗಿದೆವು; ಸಮುದ್ರವನ್ನು ಚಮಚದಲ್ಲಿ ತೋಡಿದ ಹಾಗಿತ್ತು. ಅವರು ನನ್ನ ಕಡೆ ನೋಡುತ್ತಿರಲಿಲ್ಲ, ನಾನು ಅವರ ಕಡೆ ನೋಡುತ್ತಿರಲಿಲ್ಲ. ಅಷ್ಟರಲ್ಲಿ ಹೊರಗೆ ಬಚ್ಚಲ ಹತ್ತಿರ ಕಾಲು ತೊಳೆಯುವ ಸದ್ದು. ಒಬ್ಬರ ಕಾಲಲ್ಲ. ಹುಳಕ್ಕೆ ರೋಗ ತಾಗದಿರಲೆಂದು ಹೊಸ್ತಿಲಲ್ಲಿ ಹರಡಿದ್ದ ಬ್ಲೀಚಿಂಗ್ ಪುಡಿ ತುಳಿದು ಜಯಮ್ಮ ಒಳಗೆ ಬಂದಳು, ಹಿಂದೆ ಪುಟ್ಟಗೌರಮ್ಮ, ಅವರ ಹಿಂದೆ ಡೈರಿಯ ಸಾಲಿಗೆ ಸಾಲೇ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತರು. ಕಾಫಿ ಕಾಸುತ್ತೇನೆ ಎಂದು ಎದ್ದರೆ ಜಯಮ್ಮ, ‘ಕೂತ್ಕೊ ಅಕ್ಕ. ನಿಂಗೆ ಒಂದು ವಿಷ್ಯ ಯೋಳ್ಬೇಕು’ ಎಂದಳು.

ನನಗೆ ಅರ್ಥವಾಯಿತು. ಕಿವಿ ಮುಚ್ಚಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ಹಣ್ಣು ಹುಳ. ಎದ್ದು ಹೋಗೋಣವೆಂದರೆ ಕಾಲು ಮಡಿಸಿ ಕೂತು ನನ್ನ ಬೆಳೆ ಉಳಿಸುತ್ತಿರುವವರು ಅವರು.

‘ಕನ್ನಡಕದೋಳು ಕಣಕ್ಕ’ ಎಂದಳು. ‘ಪಾಪದೋಳು ಪಾಪದೋಳು ಅಂತಿದ್ವಲ್ಲ, ಅವಳೇ ಎಲ್ಲಾನೂ ಮಾರ್ಕಂಡಿದ್ದೋಳು. ರೈಲ್ವೆ ಟೇಸನ್‌ನಲ್ಲಿ ಬ್ಯಾಗು ಕೊಡೋವಾಗ ಸಿಕ್ಕಾಕ್ಕಂಡ್ಳು. ದೊಡ್ಡಾಫೀಸರು ಅತ್ಬುಟ್ರು.’

ಅಲ್ಲಿಗೆ ಬಿಡಲಿಲ್ಲ. ಅವಳು ಯಾವ ಸೀರೆ ಉಟ್ಟಿದ್ದಳು, ಬ್ಯಾಗಿನ ಬಣ್ಣ ಏನು, ರೈಲು ಎಷ್ಟು ಹೊತ್ತು ಕೂಗಿತು, ಎಲ್ಲವನ್ನೂ ಹುಳ ಆರಿಸುತ್ತಾ ಆರಿಸುತ್ತಾ ನಿಧಾನವಾಗಿ ಹೇಳಿದಳು. ಎಲ್ಲಾದರೂ ಮರೆತರೆ ಪುಟ್ಟಗೌರಮ್ಮ ಎತ್ತಿಕೊಡುತ್ತಿದ್ದರು. ಮಿಕ್ಕವರು ತಲೆಯೆತ್ತದೆ ‘ಊಂ, ಊಂ’ ಎನ್ನುತ್ತಿದ್ದರು. ಚಂದ್ರಿಕೆಗಳು ತುಂಬಿದವು. ಮಧ್ಯಾಹ್ನ ನಮ್ಮನೆಯಲ್ಲೇ ಮುದ್ದೆ, ಅವರೆಕಾಳಿನ ಸಾರು ಉಂಡರು. ಹೋಗುವಾಗ ಜಯಮ್ಮನ ಮುಖ ತಿಳಿಯಾಗಿತ್ತು. ಸರಿಗೆ ಸರಿಯಾಯಿತು, ಬೆಳೆಯೂ ಉಳಿಯಿತು, ಒಂದು ಕಂತು ಹೋದರೆ ಹೋಗಲಿ ಎಂದು ನಾನೂ ಸಮಾಧಾನಪಟ್ಟೆ.

ಮಂಗಳವಾರ ಕೈ ಖಾಲಿ. ಗೊತ್ತಿದ್ದರೂ ನೋಡಿಬಿಡೋಣ ಎಂದು ಫೋನನ್ನು ತಂಬಿಗೆಗೆ ಒರಗಿಸಿ ಕೂತೆ. ನಮ್ಮನೆಯವರು ಇದರಲ್ಲೆಲ್ಲ ಆಸಕ್ತಿ ಇಲ್ಲದವರು, ಆದ್ದರಿಂದ ನನ್ನ ಪಕ್ಕದಲ್ಲೇ ಕೂತರು. ಮುಂದೆ ಆಗುವುದು ಗೊತ್ತಿದ್ದು ನೋಡುವುದರಲ್ಲಿ ಒಂದು ದೊಡ್ಡಸ್ತಿಕೆ ಇದೆ ನೋಡಿ. ಕನ್ನಡಕದೋಳು ಕಣ್ಣು ಮಿಟುಕಿಸಿದರೆ, ನೋಡಿ ಕಳ್ಳನೋಟ ಹೇಗಿದೆ ಎಂದು ಅವರಿಗೆ ಹೇಳಿಕೊಟ್ಟೆ. ಟೀ ಕುಡಿದರೆ ಅದರಲ್ಲೂ ಏನೋ ಇದೆ ಎಂದೆ. ಅವಳು ಬ್ಯಾಗು ಹಿಡಿದು ರೈಲ್ವೆ ಸ್ಟೇಷನ್ನಿಗೆ ಬಂದಾಗ ಮೊಣಕೈಯಿಂದ ಅವರ ಪಕ್ಕೆಗೆ ತಿವಿದು, ‘ಈಗ ನೋಡಿ, ಈಗ ಸಿಕ್ಕಿಬೀಳ್ತಾಳೆ’ ಎಂದೆ. ಅವಳು ಬ್ಯಾಗನ್ನು ತನ್ನ ತಾಯಿಯ ಕೈಗೆ ಕೊಟ್ಟಳು. ಒಳಗೆ ಉಣ್ಣೆಯ ಸ್ವೆಟರಿತ್ತು. ತಾಯಿಗೆ ಚಳಿಯಂತೆ. ರೈಲು ಹೊರಟಿತು. ಪೊಲೀಸರು ಬಂದದ್ದು ದೊಡ್ಡಾಫೀಸರ ಮನೆಗೆ. ಮನೆಹಾಳ ಅವರೇ.

ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ಇಡೀ ಸಾಲಿನಲ್ಲಿ ನೋಡದೆ ಉಳಿದವಳು ನಾನೊಬ್ಬಳೇ. ಎಲ್ಲರಿಗೂ ಗೊತ್ತಿತ್ತು. ನೆಂಟರ ಮನೆಯ ಜಗಳವನ್ನು ಸಂಜೆಯವರೆಗೆ ತಡೆದಿಟ್ಟುಕೊಳ್ಳಲಾರದ ಹೆಂಗಸರು, ಕೈತುಂಬ ಹುಳ ಹಿಡಿದು, ಒಬ್ಬರೂ ನಗದೆ, ಒಂದು ಸುಳ್ಳನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಕಾಪಾಡಿಕೊಂಡು ಹೋಗಿದ್ದರು. ಇದು ಸೇಡೋ, ಇಲ್ಲಾ ನನ್ನ ಕಂತನ್ನು ನನಗೇ ಜೋಪಾನವಾಗಿ ಉಳಿಸಿಕೊಟ್ಟ ಉಪಕಾರವೋ ಎಂದು ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ. ಕೊನೆಗೆ ನಾನೂ ಒಂದು ತೀರ್ಮಾನಕ್ಕೆ ಬಂದೆ. ನೋಡಿದೆ ಎಂದು ಯಾರಿಗೂ ಹೇಳಬಾರದು. ನಾನಿನ್ನೂ ಕನ್ನಡಕದೋಳನ್ನೇ ನಂಬಿದ್ದೇನೆ ಎಂದು ಅವರು ಕಾಯುತ್ತಿರಲಿ. ಜೀವಮಾನದಲ್ಲಿ ಮೊದಲ ಸಲ ಒಂದು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳುತ್ತೇನೆ.

ಬುಧವಾರ ಡೈರಿಯಲ್ಲಿ ಒಬ್ಬೊಬ್ಬರೇ ವಿಚಾರಿಸಿದರು, ನೋಡಿದೆಯಾ ಎಂದು. ಎಲ್ಲಿ ಪುರುಸೊತ್ತು ಎಂದೆ. ಹೌದೌದು ಎಂದರು. ನನ್ನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ನನಗೇ ನನ್ನ ಮೇಲೆ ಗೌರವ ಬಂತು. ಗುರುವಾರವೂ ಹಾಗೇ ನಡೆಯಿತು. ಸಂಜೆ ತೋಟದ ಬದುವಿನಲ್ಲಿ ಜಯಮ್ಮ ಸಿಕ್ಕಳು. ‘ಇನ್ನೂ ನೋಡ್ಲಿಲ್ವಾ ಅಕ್ಕ?’ ಎಂದಳು. ಇಲ್ಲವೆಂದೆ, ಹೇಗೂ ನೀನು ಎಲ್ಲ ಹೇಳಿದ್ದೀಯಲ್ಲ ಎಂದೂ ಸೇರಿಸಿದೆ. ಜಯಮ್ಮ ಸೊಪ್ಪಿನ ಹೊರೆಯನ್ನು ತಲೆಯ ಮೇಲೆ ಸರಿ ಮಾಡಿಕೊಂಡಳು.

‘ಬುಡು, ನಿಧಾನಕ್ಕೆ ನೋಡು, ಅವಸರ ಏನೈತೆ’ ಎಂದಳು. ‘ಟೇಸನ್ ಬಂದಾಗ ಮಾತ್ರ ಅಣ್ಣಯ್ಯನ ಪಕ್ಕೆಗೆ ತಿವೀಬೇಡ ಕಣಕ್ಕ. ಪಾಪ, ಇನ್ನೂ ನೋಯ್ತದಂತೆ.’

ಮನೆಗೆ ಬಂದೆ. ನಮ್ಮನೆಯವರು ಟೀ ಅಂಗಡಿಯಿಂದ ಆಗತಾನೆ ಬಂದು, ಚಂದ್ರಿಕೆಗಳನ್ನು ಒಂದೊಂದಾಗಿ ಬೆಳಕಿಗೆ ತಿರುಗಿಸಿ ಗೂಡು ನೋಡುತ್ತಿದ್ದರು. ಯಾರು ಏನು ಹೇಳಿದರು ಎಂದು ಕೇಳಿದೆ. ಯಾರೂ ಏನೂ ಹೇಳಲಿಲ್ಲವಲ್ಲ ಎಂದರು. ಕಾಫಿ ತಂದು ಕೈಗೆ ಕೊಡುತ್ತಾ ಅವರ ಮುಖವನ್ನೇ ನೋಡಿದೆ. ಶಾಂತವಾಗಿ, ಲೋಕದ ಯಾವ ಸುದ್ದಿಯೂ ಗೊತ್ತಿಲ್ಲದವರ ಮುಖ. ಮದುವೆಯಾದಂದಿನಿಂದ ಪ್ರತಿದಿನ ಅದೇ ಮುಖಕ್ಕೆ ಊರಿನ ಗುಟ್ಟುಗಳನ್ನೆಲ್ಲ ಒಂದೂ ಬಿಡದೆ ಒಪ್ಪಿಸಿ, ಇವರು ಯಾರಿಗೂ ಹೇಳುವವರಲ್ಲ ಎಂದು ನೆಮ್ಮದಿಯಾಗಿ ಮಲಗುತ್ತಾ ಬಂದವಳು ನಾನೇ.