ದೇಶವಿಲ್ಲದ ದೋಣಿ ಮತ್ತು ಜೈಬುನ್ನೀಸಾರ ಪಾನ್‌ದಾನ್

ಹೆಬ್ಬಾಳದ ಕಡೆಯ ನಮ್ಮ ಕೆರೆಯು ಕಾನೂನಿನ ಪ್ರಕಾರ ಸಮುದ್ರವಾಗಿದೆ. "ಆಳ ಗೊತ್ತಿಲ್ಲದ ನೀರನ್ನೆಲ್ಲ ಸಮುದ್ರವೆಂದೇ ಭಾವಿಸತಕ್ಕದ್ದು" ಎಂದು ಕೆರೆ ಕಾವಲು ಘಟಕದ ಸುತ್ತೋಲೆಯಿದೆ. ಆಳ ಅಳೆಯುವ ಟೆಂಡರು ಇನ್ನೂ ಆಗಿಲ್ಲ.

ಇಂಥ ಸಮುದ್ರದಲ್ಲಿ, ನಂಬರಿಲ್ಲದ, ಮಾಲೀಕ ಯಾರೆಂದೇ ತಿಳಿಯದ ಪೆಡಲ್ ದೋಣಿಯೊಂದರಲ್ಲಿ, ಕಳೆದ ಗುರುವಾರ ಗಂಗಾನಗರದ ಜೈಬುನ್ನೀಸಾ ಅವರ ಬೆಳ್ಳಿ ಪಾನ್‌ದಾನ್ ಅವರ ಮಡಿಲಿನಿಂದ ಹಿಂದಿನ ಸೀಟಿನಲ್ಲಿದ್ದ ಸತೀಶನೆಂಬವನ ಮಡಿಲಿಗೆ ಹೋಯಿತು. ಪಾಲಿಶ್ ಮಾಡಿಸಿಕೊಂಡು ಬರುವಾಗ, ಒಂದು ಸುತ್ತು ಹೋಗೋಣ ಅಂತ ಹತ್ತಿದ್ದರಂತೆ. ಎಲೆ ಅಡಿಕೆಯ ಆ ಪೆಟ್ಟಿಗೆ ಅವರ ತಾಯಿ ಕೊಟ್ಟದ್ದು. ಭಾನುವಾರ ಮಗಳು ಅಮ್ರೀನಳ ನಿಕಾಹ್‌ನಲ್ಲಿ ಬೀಗರಿಗೆ ಅದರಿಂದಲೇ ಪಾನ್ ಕೊಡಬೇಕಿತ್ತು.

ದೋಣಿ ದಡಕ್ಕೆ ಬಂತು. ಜೈಬುನ್ನೀಸಾ ಇಳಿದು ಕೂಗಿಕೊಂಡರು. ಸತೀಶ ಇಳಿಯಲಿಲ್ಲ. ಘಟಕದ ಇನ್ಸ್‌ಪೆಕ್ಟರ್ ಭೀಮರಾಜ್ ಲಾಠಿ ಎತ್ತಿಯೇ ಬಿಟ್ಟಿದ್ದರು. ಪುಣ್ಯಕ್ಕೆ ನಾನು ಅಲ್ಲಿದ್ದೆ. ಇಡೀ ಉತ್ತರ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಕಾನೂನು ಬಲ್ಲವನು ನಾನೊಬ್ಬನೇ. ಮಂಗಳೂರಿನಲ್ಲಿ ಎರಡು ಸಲ ಹಡಗು ನೋಡಿದ್ದೇನೆ, ಅದರಲ್ಲಿ ಒಂದು ಸಲ ಹತ್ತಿರದಿಂದ.

"ನಿಲ್ಲಿ ಸಾರ್! ನಂಬರಿಲ್ಲದ ಈ ದೋಣಿಗೆ ದೇಶ ಇಲ್ಲ. ದೇಶ ಇಲ್ಲದ್ದನ್ನ ಯಾರ್ ಬೇಕಾದ್ರೂ ಹತ್ತಿ ತಪಾಸಣೆ ಮಾಡ್ಬಹುದು. ಕೇಸ್ ಹಾಕೋಕೆ ಮಾತ್ರ ಏನಾದ್ರೂ ಸಂಬಂಧ ಇರ್ಬೇಕು. ಸತೀಶ ನಿಮಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ."

"ಮತ್ತೆ?"

ಇನ್ಸ್‌ಪೆಕ್ಟರು ದೋಣಿ ಹತ್ತಿ, ಪಾನ್‌ದಾನ್ ಮುಚ್ಚಳ ತೆಗೆದು ನೋಡಿ, "ಸತೀಶನ ಬಳಿ ಇದೆ" ಎಂದು ಷರಾ ಬರೆದು, ಶಿಸ್ತಾಗಿ ಇಳಿದರು.

"ಮುನಿರಾಮಣ್ಣ, ನೀವು ನಮ್ ಕಡೆನಾ, ಕಳ್ಳನ್ ಕಡೆನಾ?" ಅಂದರು ಜೈಬುನ್ನೀಸಾ.

"ನಾನು ಕಾನೂನಿನ ಕಡೆ ಕಣಮ್ಮ."

"ಹಂಗಾದ್ರೆ ಅಲ್ಲಿ ನಾನು ಕಿತ್ಕೊಂಡ್ರೂ ಕೇಸ್ ಇಲ್ಲ?"

"ಇಲ್ಲ."

ಅವರು ದೋಣಿ ಹತ್ತಿ, ಸತೀಶನ ಕೆನ್ನೆಗೊಂದು ಬಿಟ್ಟು, ಪಾನ್‌ದಾನ್ ಕಿತ್ತುಕೊಂಡರು. ಇಷ್ಟು ಬೇಗ ಕಾನೂನು ಕಲಿತವರನ್ನು ನಾನು ಕಂಡಿಲ್ಲ. ಸತೀಶ ಕೆನ್ನೆ ಸವರಿಕೊಳ್ಳುತ್ತಾ ಬರಿಗೈಲಿ ಇಳಿದು, ತನ್ನ ಪಾನ್‌ದಾನ್ ಹೋಗಿದೆ ಎಂದು ದೂರು ಬರೆದುಕೊಟ್ಟ.

"ಇಳೀಬೇಡಿ ಮೇಡಂ," ಇನ್ಸ್‌ಪೆಕ್ಟರು ಕಳಕಳಿಯಿಂದ ಹೇಳಿದರು. "ಮಾಲು ದಡ ಮುಟ್ಟಿದ್ರೆ ನಮ್ ವ್ಯಾಪ್ತಿ. ಅದು ಅವನ್ದು ಅಂತ ನನ್ನದೇ ಷರಾ ಇದೆ."

ಜೈಬುನ್ನೀಸಾ ಇಳಿಯಲಿಲ್ಲ. ಗಂಡ ನೂರುಲ್ಲಾ ಹಾಸಿಗೆ, ಕೊಡೆ ತಂದುಕೊಟ್ಟರು. ನಿಕಾಹ್ ಆರ್.ಟಿ. ನಗರದ ಮದುವೆ ಹಾಲ್‌ನಿಂದ ಕೆರೆ ದಡಕ್ಕೆ ವರ್ಗವಾಯಿತು. ಘಟಕವು ಪ್ರಕಟಣೆ ಹೊರಡಿಸಿತು: "ಪಾನ್ ಬೇಕಾದ ಬೀಗರು ಇಬ್ಬಿಬ್ಬರಾಗಿ ದೋಣಿಗೆ ತೆರಳತಕ್ಕದ್ದು. ಲೈಫ್ ಜಾಕೆಟ್ ಕಡ್ಡಾಯ, ಪಾಸ್‌ಪೋರ್ಟ್ ಐಚ್ಛಿಕ." ದೂರುದಾರನೆಂಬ ಗೌರವಕ್ಕೆ ಸತೀಶನನ್ನೂ ಕರೆದಿದ್ದರು, ಅವನೇ ಪೆಡಲ್ ತುಳಿದ. ಅಮ್ರೀನ್ ದೋಣಿಯಲ್ಲೇ ತಾಯಿಯನ್ನು ತಬ್ಬಿ ಅತ್ತು ಗಂಡನ ಮನೆಗೆ ಹೊರಟಳು.

ಬೀಗಿತ್ತಿ ಕುಲ್ಸುಮ್ ಅವರಿಗೆ ಈ ಸಂಬಂಧ ಬಹಳ ಹಿಡಿಸಿದೆ. ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದಾರೆ: "ನಮ್ ಸೊಸೆ ಅಮ್ಮ ಫಾರಿನ್‌ನಲ್ಲಿ ಸೆಟ್ಲ್ ಆಗಿದಾರೆ."