ಬೀಗರ ಮನೆ ಸೇರಿದ ಶಾರ್ಟ್‌ಸ್ಟಾಪು

ಅದಕ್ಕೊಂದು ಹೆಸರಿದೆ. ನಾಲಿಗೆ ತುದಿಯಲ್ಲೇ ಇದೆ. ಶಾರ್ಟ್‌ಕಟ್ಟು ಅಲ್ಲ, ಶಾರ್ಟ್‌ಸರ್ಕೀಟಂತೂ ಅಲ್ಲ. ಬೇಸ್‌ಬಾಲ್ ಮೈದಾನದಲ್ಲಿ ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವೆ ಮೊಣಕಾಲು ಬಗ್ಗಿಸಿಕೊಂಡು ಒಬ್ಬ ನಿಂತಿರುತ್ತಾನಲ್ಲ? ಚೆಂಡು ಹುಡುಕಿಕೊಂಡು ಅವನ ಕಡೆಗೇ ಬರುತ್ತದೆ. ಹಿಡಿದರೆ ಯಾರೂ ಹೊಗಳುವುದಿಲ್ಲ, ಬಿಟ್ಟರೆ ಊರೆಲ್ಲ ಬೈಯುತ್ತದೆ. ಮನೆಯ ಹಿರೀಸೊಸೆ ಇದ್ದ ಹಾಗೆ. ಶಾರ್ಟ್‌ಸ್ಟಾಪು! ಬಂತು ನೋಡಿ.

ಧಾರವಾಡದಲ್ಲಿ ಹುಟ್ಟಿ ಈಗ ಅಮೆರಿಕದ ಸ್ಯಾನ್ ರಮೋನಿನಲ್ಲಿ ಮಗನ ಮನೆಯಲ್ಲಿರುವ ಈ ಮುದುಕಿಗೆ ಶಾರ್ಟ್‌ಸ್ಟಾಪಿನ ಚಿಂತೆ ಯಾಕೆ ಎಂದು ಕೇಳಬೇಡಿ. ನಮ್ಮ ಮನೆಯಲ್ಲಿ ಇಂಥದು ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ನಾನು ಬರೀ ಬಾಯಿ ಹಾಕುತ್ತೇನೆ, ಅಷ್ಟೇ.

ಮೊದಲು ಆಟ ಯಾವುದೆಂದು ಹೇಳಿಬಿಡುತ್ತೇನೆ. ಫ್ಯಾಂಟಸಿ ಬೇಸ್‌ಬಾಲು. ನಮ್ಮ ಬಳಗದ ಕೆಲವು ಮನೆಗಳು ಸೇರಿ ಆಡುತ್ತವೆ. ಆಡುತ್ತವೆ ಎಂದರೆ, ಯಾರೂ ಸೋಫಾ ಬಿಟ್ಟು ಏಳುವುದಿಲ್ಲ. ನಿಜವಾದ ಆಟಗಾರರನ್ನು ಫೋನಿನಲ್ಲಿ ನಮ್ಮ ನಮ್ಮ ತಂಡಕ್ಕೆ ಆರಿಸಿಕೊಳ್ಳುತ್ತೇವೆ. ಅವರು ನಿಜವಾದ ಮೈದಾನದಲ್ಲಿ ಹೊಡೆದರೆ ಇಲ್ಲಿ ನಮಗೆ ಅಂಕ. ಬೆವರು ಅವರದು, ಜಂಬ ನಮ್ಮದು. ಆಟದ ವರ್ಷ ಮುಗಿದ ಮೇಲೆ ಒಂದು ಮನೆಯವರು ಒಬ್ಬನನ್ನು ಮಾತ್ರ ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಬಹುದು. ಕೈಬಿಟ್ಟವನನ್ನು ಬೇರೆ ಮನೆಯವರು ಹಾರಿಸಿಕೊಂಡು ಹೋಗಬಹುದು. ಅದಲುಬದಲು ಏನಿದ್ದರೂ ಭಾನುವಾರ ಸಂಜೆಯೊಳಗೆ, ಆಮೇಲೆ ಬಾಗಿಲು ಬಂದ್ ಎಂದು ಈ ಸಲ ಎಲ್ಲರಿಗೂ ಹೇಳಿಯಾಗಿತ್ತು.

ನಮ್ಮ ಮನೆಯ ತಂಡಕ್ಕೆ ಇಬ್ಬರು ಯಜಮಾನರು. ಎಂಟನೇ ಇಯತ್ತೆಯ ಮೊಮ್ಮಗಳು ಮತ್ತು ನಾನು.

ಎಲೆಗೆ ಅಡ್ಡಗೈ

ಮೊಮ್ಮಗಳು ಲ್ಯಾಪ್‌ಟಾಪು ತಂದು ನನ್ನ ತೊಡೆಯ ಮೇಲೆ ಇಟ್ಟಳು. "ಅಜ್ಜಿ, ಇವನನ್ನ ಕೀಪ್ ಮಾಡೋಣವಾ?"

ಪರದೆಯ ಮೇಲೆ ಮೀಸೆ ಸರಿಯಾಗಿ ಮೂಡದ ಹುಡುಗ. ಹೆಸರೇ ಯಾರೂ ಕೇಳದ ಸಣ್ಣ ಊರಿನ ತಂಡದಲ್ಲಿ ಆಡುತ್ತಿದ್ದಾಗಲೇ ಇವಳು ಅವನನ್ನು ಹುಡುಕಿ ತೆಗೆದಿದ್ದಳು. ಈಗ ದೊಡ್ಡ ಮೈದಾನಕ್ಕೆ ಬಂದಿದ್ದಾನೆ. ಅವನು ಒಂದು ಹೊಡೆತ ಹೊಡೆದರೆ ನಮ್ಮ ಮನೆಯಲ್ಲಿ ಇವಳು ಮೆಟ್ಟಿಲು ಹತ್ತಿ ಇಳಿಯುತ್ತಾಳೆ.

ನಾನು ಕನ್ನಡಕ ಏರಿಸಿ ಅವನ ಆಟದ ವಿಡಿಯೋ ಒಂದಷ್ಟು ಹೊತ್ತು ನೋಡಿದೆ. ಕಾಲು ಚುರುಕು. ಚೆಂಡು ಬಿಟ್ಟರೆ ಪಕ್ಕದವನ ಮುಖ ನೋಡುವುದಿಲ್ಲ, ತನ್ನ ಕೈಗವಸು ನೋಡಿಕೊಳ್ಳುತ್ತಾನೆ. ಒಳ್ಳೆಯ ಮನೆತನ. ಆದರೆ ಬ್ಯಾಟು ಹಿಡಿದು ನಿಂತಾಗ ಒಂದು ದೋಷ ಕಂಡಿತು. ಎಸೆದವನು ಏನು ಎಸೆದರೂ ಬೀಸುತ್ತಾನೆ. ದೂರದ್ದಕ್ಕೂ ಬೀಸುತ್ತಾನೆ, ನೆಲಕ್ಕೆ ಬಿದ್ದದ್ದಕ್ಕೂ ಬೀಸುತ್ತಾನೆ.

"ಇವಂದು ಹಸಿದವರ ಕಣ್ಣು, ಪುಟ್ಟಿ. ಪಂಕ್ತಿಯೊಳಗ ಹೊಸದಾಗಿ ಕೂತವರು ಹಿಂಗ. ಬಡಸಾಂವ ಏನು ತಂದ್ರೂ ಬೇಕು. ಎಲಿಗೆ ಅಡ್ಡಗೈ ಹಿಡಿಯೋದು ಕಲೀಬೇಕು. ಬ್ಯಾಡ, ಬ್ಯಾಡ ಅಂತ ಬಿಟ್ಟು, ಹೋಳಿಗಿ ಬಂದಾಗ ಕೈ ತೆಗೀಬೇಕು."

"ಕಲೀತಾನಾ?"

"ಮುಂದಿನ ವರ್ಷ ಕಲೀತಾನ."

"ಕಲೀದೇ ಇದ್ರೆ?"

"ನಿಮ್ಮಪ್ಪ ಇನ್ನೂ ಕಲಿತಿಲ್ಲ," ಎಂದೆ. "ಅವನ್ನ ನಾವೇನು ಬಿಟ್ಟೀವೇನು?"

ಎರಡನೇ ವರ್ಷದ ಉಪ್ಪು

ಪಕ್ಕದ ಮನೆಯ ಅಮೆರಿಕನ್ ಮುದುಕ ಬೇಲಿಯಾಚೆಯಿಂದ ದಿನವೂ ಒಂದು ಸಲಹೆ ಕೊಡುತ್ತಾನೆ. ಅವನಿಗೆ ನಮ್ಮ ಹುಡುಗನ ಮೇಲೆ ನಂಬಿಕೆ ಇರಲಿಲ್ಲ. ಮೊದಲ ವರ್ಷ ಚೆನ್ನಾಗಿ ಆಡಿದವರು ಎರಡನೇ ವರ್ಷ ಬೀಳುತ್ತಾರೆ, ಅದು ಈ ಆಟದ ರೋಗ, ಬಿಟ್ಟುಬಿಡಿ ಎಂದ.

ನಾನು ಒಳಗೆ ಬಂದು ಮೊಮ್ಮಗಳಿಗೆ ಸಮಾಧಾನ ಹೇಳಿದೆ. "ಅದು ಎಲ್ಲಾ ಕಡೆನೂ ಅದ. ಸೊಸಿ ಮನಿಗೆ ಬಂದ ಮೊದಲನೇ ವರ್ಷ ಎಲ್ಲಾ ಅಡಿಗಿನೂ ಛಲೋ ಆಗತದ. ಎರಡನೇ ವರ್ಷ ಸಾರಿಗೆ ಉಪ್ಪು ಕಡಿಮಿ ಬೀಳತದ. ಅಷ್ಟಕ್ಕ ಹೆದರಬಾರದು."

ಸೊಸೆ ಮೈಸೂರಿನವಳು. ದೋಸೆ ಹುಯ್ಯುತ್ತಿದ್ದಳು ಎಂಬುದನ್ನು ನಾನು ಗಮನಿಸಿರಲಿಲ್ಲ. ಸಟ್ಟುಗ ಎತ್ತಿ ಹಿಡಿದು ಮೆತ್ತಗೆ ಕೇಳಿದಳು. "ಮೂರನೇ ವರ್ಷ ಏನಾಗತ್ತೆ ಅತ್ತೆ?"

ಕಾವಲಿಯ ಮೇಲಿದ್ದದ್ದು ನನ್ನ ಪಾಲಿನ ದೋಸೆ.

"ಮೂರನೇ ವರ್ಷ ಅತ್ತೀಗೆ ಬುದ್ಧಿ ಬರತದವಾ," ಎಂದೆ.

ಕಣ್ಣು ಹತ್ತಬಾರದು

ಶನಿವಾರ ಬಳಗದವರೆಲ್ಲ ಪಾರ್ಕಿನಲ್ಲಿ ಊಟಕ್ಕೆ ಸೇರಿದ್ದೆವು. ಪಾಲೋ ಆಲ್ಟೋದಲ್ಲಿ ಕೆಲಸ ಮಾಡುವ ಒಬ್ಬ ಇಂಜಿನಿಯರು ತಟ್ಟೆ ಹಿಡಿದುಕೊಂಡೇ ಬಂದ. "ಅಜ್ಜಿ, ನಿಮ್ಮ ಶಾರ್ಟ್‌ಸ್ಟಾಪು ಸಖತ್ತಾಗಿದ್ದಾನಂತೆ? ಮುಂದಿನ ವರ್ಷ ನಮ್ಮನ್ನೆಲ್ಲ ಹೊಡೆದು ಹಾಕ್ತೀರಂತೆ?"

ಆಯಿತು, ಹುಡುಗನಿಗೆ ದೃಷ್ಟಿ ಬಿತ್ತು ಎಂದುಕೊಂಡೆ. ನಮ್ಮ ಕಡೆ ಕೂಸು ದುಂಡಗಿದೆ ಎಂದು ಯಾರಾದರೂ ಹೊಗಳಿದರೆ ಯಾವ ತಾಯಿಯೂ ಹೌದು ಎನ್ನುವುದಿಲ್ಲ. 'ಎಲ್ಲಿ ದುಂಡಗ ಅದಾನ್ರೀ, ನಿನ್ನೆಯಿಂದ ಹಾಲೇ ಮುಟ್ಟಿಲ್ಲ' ಎನ್ನುತ್ತಾಳೆ. ಹಾಗೆ ಬೈದುಬಿಟ್ಟರೆ ಕಣ್ಣು ಹತ್ತುವುದಿಲ್ಲ. ನಾನೂ ಅಷ್ಟೇ ಮಾಡಿದೆ.

"ಎಲ್ಲಿ ಛಲೋ ಅದಾನಪಾ! ಬಲಗಾಲಿನ ಮೊಣಕಾಲೇ ಸರಿ ಇಲ್ಲ ಅವಂದು. ನಾಕು ಹೆಜ್ಜಿ ಓಡಿದ್ರ ಉಸಿರು ಹತ್ತತದ."

ಇಂಜಿನಿಯರು ಗಂಭೀರನಾದ. ಫೋನು ತೆಗೆದು ಹುಡುಕಿದ. ಮೊಣಕಾಲಿನ ಸುದ್ದಿ ಎಲ್ಲಿಯೂ ಇರಲಿಲ್ಲ. ಎಲ್ಲಿಯೂ ಇಲ್ಲ ಎಂದ ಮೇಲೆ ಇದು ಒಳಗಿನ ಸುದ್ದಿಯೇ ಎಂದು ತೀರ್ಮಾನ ಮಾಡಿಕೊಂಡು ಹೋದ.

ಮಜ್ಜಿಗೆ ಕುಡಿಯುವ ಹೊತ್ತಿಗೆ ಇನ್ನೊಬ್ಬರು, ವಯಸ್ಸಾದ ಗಂಡಸರು, ನನ್ನನ್ನು ಮರದ ಕೆಳಗೆ ಕರೆದರು. "ಅಮ್ಮಾ, ನಿಮ್ಮ ಮನಸ್ಸಲ್ಲೇ ಇರ್ಲಿ. ನಿಮ್ಮ ಹುಡುಗನ ಮೊಣಕಾಲಿಗೆ ಆಪರೇಷನ್ ಅಂತೆ."

"ಅಯ್ಯ ದೇವರ! ಯಾರು ಹೇಳಿದ್ರೀ?"

"ಹೆಸರು ಕೇಳಬೇಡಿ. ಬಹಳ ನಂಬಿಕಸ್ಥರು."

ಮಜ್ಜಿಗೆಯ ಲೋಟ ಅಲ್ಲೇ ಇಟ್ಟು ಮಗನನ್ನು ಹುಡುಕಿದೆ. ಮನೆ ಮುಟ್ಟುವವರೆಗೂ ಕಾರಿನಲ್ಲಿ ಮಗನಿಗೆ ಒಂದೇ ಸಮನೆ ಹೇಳುತ್ತಿದ್ದೆ: "ಏ, ಆ ಹುಡುಗನ ಕಾಲು ಏನಾಗ್ಯದ ಒಂದು ಸಲ ನೋಡೋ. ಮಂದಿ ಏನೇನೋ ಅಂತಾರ."

ಒಳಗಿನ ಮಾತು, ಹೊರಗಿನ ಮಾತು

ಭಾನುವಾರ ಬೆಳಿಗ್ಗೆ ತಿಂಡಿಗೆ ಕೂತಾಗ ಮೊಮ್ಮಗಳು ತಲೆ ಎತ್ತದೆ ಹೇಳಿದಳು. "ಅವನನ್ನ ಡ್ರಾಪ್ ಮಾಡಿದೆ. ಪಿಚರ್ ಒಬ್ಬನನ್ನ, ಚೆಂಡು ಎಸೆಯೋನನ್ನ, ಕೀಪ್ ಮಾಡಿದೆ."

"ಯಾರನ್ನ ಬಿಟ್ಟಿ?"

"ಶಾರ್ಟ್‌ಸ್ಟಾಪ್‌ನ. ನೀವೇ ಹೇಳಿದ್ರಲ್ಲ, ಮೊಣಕಾಲು ಸರಿ ಇಲ್ಲ ಅಂತ. ನಾನು ಪಕ್ಕದಲ್ಲೇ ಇದ್ದೆ." ಸಿಟ್ಟು, ಅಳು ಒಟ್ಟಿಗೆ ಬಂದಾಗ ಮಾತ್ರ ಈ ಹುಡುಗಿಗೆ ಇಷ್ಟು ಸ್ವಚ್ಛ ಕನ್ನಡ ಬರುತ್ತದೆ.

"ಅದು ಮಂದಿ ಮುಂದ ಹೇಳೋ ಮಾತು, ಪುಟ್ಟಿ!"

"ಮತ್ತೆ ನಿಜ ಯಾವುದು?"

"ಮನಿಯೊಳಗ ಹೇಳಿದ್ದು."

"ಮನೆಯೊಳಗೆ ನಾನು ಸೈನ್ಸ್ ಫೇರ್‌ನಲ್ಲಿ ಫಸ್ಟ್ ಬಂದಾಗ 'ಏನು ಮಹಾ' ಅಂದ್ರಿ!"

"ಅದೂ ಕಣ್ಣು ಹತ್ತಬಾರದು ಅಂತನ ಅಂದದ್ದು."

ಅವಳು ನನ್ನನ್ನೇ ನೋಡಿದಳು. ಪಾಪ, ಎಷ್ಟು ವರ್ಷದ ಮಾತುಗಳನ್ನು ತಿರುಗಿಸಿ ಹಾಕಿ ನೋಡಿಕೊಳ್ಳಬೇಕಾಯಿತೋ. ಅಷ್ಟರಲ್ಲಿ ಅವಳ ಫೋನು ಟಿಂಗ್ ಎಂದಿತು. ನಮ್ಮ ಹುಡುಗನನ್ನು ಆಗಲೇ ಒಬ್ಬರು ಎತ್ತಿಕೊಂಡಿದ್ದರು. ಯಾರು ಅಂತೀರಿ? ಲಾಸ್ ಆಲ್ಟೋಸಿನಲ್ಲಿ ತಮ್ಮ ಮಗನ ಮನೆಯಲ್ಲಿರುವ ನಮ್ಮ ಬೀಗರು, ನನ್ನ ಸೊಸೆಯ ತಂದೆ.

ಫೋನು ಹಚ್ಚಿದೆ. "ಬೀಗರೇ, ಆ ಹುಡುಗನ ಮೊಣಕಾಲು ಸರಿ ಇಲ್ಲಂತ ನಿಮಗ ಯಾರೂ ಹೇಳಲಿಲ್ಲೇನು?"

"ಹೇಳಿದ್ರು, ಹೇಳಿದ್ರು. ನೀವೇ ಪಾರ್ಕಿನಲ್ಲಿ ನಿಂತು ಬೈದ್ರಂತೆ," ಬೀಗರು ಸಕ್ಕರೆ ಸುರಿದ ದನಿಯಲ್ಲಿ ಅಂದರು. "ನಿಮ್ಮ ಬಾಯಲ್ಲಿ ಅಷ್ಟು ಬೈಸಿಕೊಂಡಿದ್ದಾನೆ ಅಂದ್ಮೇಲೆ ಅಪ್ಪಟ ಚಿನ್ನವೇ ಇರಬೇಕು ಅಂದ್ಕೊಂಡು ತಕ್ಷಣ ತಗೊಂಡೆ."

ಇಡೀ ಬಳಗದಲ್ಲಿ ನನ್ನ ಮಾತು ಅರ್ಥವಾದದ್ದು ಒಬ್ಬರಿಗೇ. ಅವರು ಎದುರಾಳಿ.

ಉಪಚಾರ

ಮೊಮ್ಮಗಳು ತಟ್ಟೆ ಸರಿಸಿ ಎದ್ದಳು. "ಮುಂದಿನ ವರ್ಷ ನಾನೊಬ್ಬಳೇ ಆಡ್ತೀನಿ" ಎಂದಳು. ಅದು ಮಾತ್ರ ನನಗೆ ನಾಟಿತು. ಶಾಲೆ ಬಿಟ್ಟು ಬಂದು ಅವಳು ನನ್ನ ಪಕ್ಕದಲ್ಲಿ ಕೂರುವುದು ಆ ತಂಡದ ನೆಪಕ್ಕೆ. ತಂಡದಿಂದ ನನ್ನನ್ನು ತೆಗೆದರೆ ಉಳಿಯುವುದು ಗುಡ್ ಮಾರ್ನಿಂಗ್, ಗುಡ್ ನೈಟ್. ಸಂಜೆಯೊಳಗೆ ಹುಡುಗನನ್ನು ವಾಪಸು ತರಲೇಬೇಕಿತ್ತು.

"ಕಾರು ತೆಗಿ," ಎಂದೆ ಮಗನಿಗೆ.

680 ಫ್ರೀವೇ ಹಿಡಿದು, ಒಂದು ತಾಸಿನ ದಾರಿ, ಲಾಸ್ ಆಲ್ಟೋಸಿಗೆ ಹೋದೆವು. ಹೋದ ಕೂಡಲೇ ಕೇಳುವ ಹಾಗಿಲ್ಲವಲ್ಲ. ನಾನು ಗಂಡಿನ ತಾಯಿ. ಬಾಯಿ ಬಿಟ್ಟು ಕೇಳಿದರೆ ಅವರು ಕೊಡುತ್ತಾರೆ. ಆದರೆ ಕೇಳಿದೆ ಎಂಬುದು ಎರಡೂ ಮನೆಗಳಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಅದಕ್ಕೇ "ಹಿಂಗ ಈ ಕಡೆ ಬಂದಿದ್ವಿ" ಎಂದೆ. ಸ್ಯಾನ್ ರಮೋನಿನಿಂದ ಲಾಸ್ ಆಲ್ಟೋಸಿನ ಕಡೆಗೆ ಹಿಂಗ ಯಾರೂ ಬರುವುದಿಲ್ಲ. ಬೀಗರಿಗೂ ಗೊತ್ತು, ನನಗೂ ಗೊತ್ತು.

ಕಾಫಿ ಬಂತು. ಉಪ್ಪಿಟ್ಟು ಬಂತು. ಮೈಸೂರಿನ ಹವೆ, ಧಾರವಾಡದ ಪೇಢೆ, ಬೀಗಿತ್ತಿಯ ಮಂಡಿನೋವು ಎಲ್ಲ ಮಾತಾಡಿ ಮುಗಿಸಿದೆವು. ಮೊಮ್ಮಗಳು ಗೋಡೆಯ ಗಡಿಯಾರ ನೋಡುತ್ತಿದ್ದಳು. ಕೊನೆಗೆ ಬೀಗರೇ, ದೇವರು ಒಳ್ಳೆಯದು ಮಾಡಲಿ, ಬಾಯಿ ಬಿಟ್ಟರು.

"ಆ ಹುಡುಗನ್ನ ಬೇಕಾದ್ರೆ ನೀವೇ ಇಟ್ಕೊಳ್ಳಿ, ಬೀಗಿತ್ತಿಯವ್ರೆ."

"ಛೇ ಛೇ, ಬ್ಯಾಡ್ರೀ! ನಿಮ್ಮ ಕಡೆನೇ ಇರಲಿ."

ಈ ಮಾತು ಹೇಳಿದ್ದು ನಾನಲ್ಲ. ಹುಟ್ಟಿದಾಗಿನಿಂದ ರೂಢಿಯಾದ ನನ್ನ ನಾಲಿಗೆ. ಮೊದಲ ಸಲ ಕೊಟ್ಟಾಗ ಬೇಡ ಎನ್ನಬೇಕು. ಎರಡನೇ ಸಲ ಹೇಳಿದಾಗ ಸಂಕೋಚ ಪಡಬೇಕು. ಮೂರನೇ ಸಲಕ್ಕೆ 'ನಿಮ್ಮ ಮನಸ್ಸು ಮುರೀಬಾರದು' ಅಂತ ತೆಗೆದುಕೊಳ್ಳಬೇಕು. ನಾನು ಸಂಕೋಚದ ಮುಖ ಸಿದ್ಧ ಮಾಡಿಕೊಂಡು ಎರಡನೇ ಸಲಕ್ಕೆ ಕಾದೆ.

ಬೀಗರು "ಸರಿ, ನಿಮ್ಮಿಷ್ಟ" ಎಂದು ಉಪ್ಪಿಟ್ಟಿಗೆ ಚಟ್ನಿ ಹಾಕಿಕೊಂಡರು.

ಮೊಮ್ಮಗಳು ನನ್ನ ಕಾಲು ತುಳಿದಳು. ನಾನು ಆ ಮುಖವನ್ನು ಎಷ್ಟು ಹೊತ್ತು ಹಾಗೇ ಹಿಡಿದು ಕೂತಿದ್ದೆನೋ, ಬೀಗಿತ್ತಿ ಹತ್ತಿರ ಬಂದು ಕಿವಿಯಲ್ಲಿ ಕೇಳಿದರು: "ಬಾತ್‌ರೂಮಿಗೆ ಹೋಗಬೇಕಾ?"

ಬಾಗಿಲಲ್ಲಿ

ಹೊರಡುವ ಹೊತ್ತಾಯಿತು. ಗಡುವಿಗೂ ಹೆಚ್ಚು ಹೊತ್ತಿರಲಿಲ್ಲ. ಬೀಗಿತ್ತಿ ಅರಿಶಿನ ಕುಂಕುಮ ಕೊಟ್ಟು, ತೆಂಗಿನಕಾಯಿ, ಕುಪ್ಪಸದ ಬಟ್ಟೆ ಕೊಟ್ಟು ಬಾಗಿಲವರೆಗೆ ಬಂದರು. ಇಬ್ಬರೂ ಕೈಮುಗಿದು ನಿಂತರು. ಹೆಣ್ಣು ಕೊಟ್ಟವರು ಯಾವಾಗಲೂ ಹೇಳುವ ಮಾತನ್ನೇ ಬೀಗರು ಹೇಳಿದರು.

"ನಿಮಗೆ ಸರಿಯಾಗಿ ಏನೂ ಸತ್ಕಾರ ಮಾಡೋಕಾಗ್ಲಿಲ್ಲ. ಏನಾದ್ರೂ ಕೊರತೆ ಆಗಿದ್ರೆ ಕ್ಷಮಿಸಬೇಕು."

ಇದಕ್ಕೆ ಗಂಡಿನ ಕಡೆಯವರು 'ಅಯ್ಯ, ಎಲ್ಲಾ ಭಾಳ ಛಲೋ ಆತ್ರೀ' ಎನ್ನಬೇಕು. ಮಗನ ಮದುವೆಯಾದಾಗಿನಿಂದ ಅನ್ನುತ್ತಲೇ ಬಂದಿದ್ದೇನೆ. ಮೊಮ್ಮಗಳು ಕಾರಿನ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು. ಆ ಬೆನ್ನು ನೋಡಿದೆ.

"ಹೌದ್ರೀ," ಎಂದೆ. "ಕೊರತೆ ಆತು."

ಮಗನ ಕೈಯಿಂದ ಕಾರಿನ ಕೀಲಿ ಕೆಳಗೆ ಬಿತ್ತು. ಗಂಡಿನ ತಾಯಿ ಬಾಗಿಲಲ್ಲಿ ನಿಂತು ಕೊರತೆ ಆಯಿತು ಎಂದದ್ದನ್ನು ಬೀಗರ ವಂಶದಲ್ಲಿ ಯಾರೂ ಕೇಳಿರಲಿಲ್ಲ.

"ಏನು... ಏನು ಕೊರತೆ ಆಯ್ತು?" ಎಂದು ಬೀಗಿತ್ತಿ ತೊದಲಿದರು.

"ಒಂದು ಹುಡುಗ. ನಮ್ಮ ಪುಟ್ಟೀದು. ನಿಮ್ಮ ಯಜಮಾನರು ಇಟ್ಟುಕೊಂಡಾರ."

ಬೀಗಿತ್ತಿಗೆ ಬೇಸ್‌ಬಾಲೂ ಗೊತ್ತಿಲ್ಲ, ಶಾರ್ಟ್‌ಸ್ಟಾಪೂ ಗೊತ್ತಿಲ್ಲ. ಗಂಡನ ಕಡೆ ತಿರುಗಿದರು. "ಏನ್ರೀ ಇದು? ಮಗೂದು ಕಿತ್ಕೊಂಡು ಇಟ್ಕೊಂಡಿದ್ದೀರಾ? ಕೊಟ್ಟು ಕಳ್ಸಿ ಮೊದಲು!"

"ನಿನಗೆ ಗೊತ್ತಾಗಲ್ಲ ಕಣೇ, ಅವನು ಮುಂದಿನ ವರ್ಷಕ್ಕೆ..."

"ಮುಂದಿನ ವರ್ಷಕ್ಕೆ ಬೇರೆ ತಂದ್ಕೊಳ್ಳಿ! ಫ್ರಿಜ್ಜಿನಲ್ಲಿಟ್ಟಿದ್ದೀರೋ, ಗರಾಜಿನಲ್ಲಿಟ್ಟಿದ್ದೀರೋ, ಹೋಗಿ ತನ್ನಿ. ಬೀಗಿತ್ತಿ ಬಾಗಿಲಲ್ಲಿ ಕೊರತೆ ಅಂತ ನಿಂತಿದ್ದಾರೆ, ನಿಮಗೆ ಆಟ!"

ಬೀಗರು ನನ್ನ ಮುಖ ನೋಡಿದರು. ನಾನು ತೆಂಗಿನಕಾಯಿ ನೋಡಿದೆ. ಅವರು ಜೇಬಿನಿಂದ ಫೋನು ತೆಗೆದು ಎರಡು ಸಲ ಒತ್ತಿ, ಮೂರನೇ ಸಲ ಒತ್ತುವ ಮೊದಲು ನಿಟ್ಟುಸಿರು ಬಿಟ್ಟರು.

"ತಗೊಳ್ಳಿ, ಕಳ್ಸಿದ್ದೀನಿ. ನಿಮ್ಮಿಂದ ಬದಲಿಗೆ ಇನ್ನೊಬ್ಬ ಆಟಗಾರನನ್ನ ಕೇಳಬೇಕಿತ್ತು..." ಹೆಂಡತಿಯ ಕಡೆ ನೋಡಿ ದನಿ ತಗ್ಗಿಸಿದರು. "ಇರ್ಲಿ, ನಮ್ಮ ನಮ್ಮಲ್ಲಿ ಅದೆಲ್ಲ ಏನು. ಬದಲಿಗೆ ಏನೂ ಬೇಡ."

ಅಷ್ಟರಲ್ಲಿ ಕಾರಿನ ಹತ್ತಿರದಿಂದ ಓಡಿ ಬಂದ ಮೊಮ್ಮಗಳು ನನ್ನ ತೋಳು ಹಿಡಿದು ಕುಣಿಯುತ್ತಿದ್ದಳು. ಬೀಗರ ಬಾಯಿ ಇನ್ನೂ ಅರ್ಧ ತೆರೆದೇ ಇತ್ತು.

"ಕುಣಿಯೋದು ಆಮೇಲೆ, ಪುಟ್ಟಿ," ಎಂದೆ. "ಬದಲಿಗೆ ಏನೂ ಬ್ಯಾಡಂತ ಅಂದಾರ. ಉಪಚಾರಕ್ಕ ಅಂದದ್ದು ಅಂತ ಅವರು ಅನ್ನೋದರೊಳಗ ಲಗೂನ ಫೋನಿನೊಳಗ ಬರಕೋ!"