ಐವರು ವಿರುಪಾಕ್ಷಿಗಳು, ಒಂದು ತೊಟ್ಟಿಲು

"ಮಗನ ಹೆಸರು ವಿರುಪಾಕ್ಷಿ ಅಂದ್ರ ವಿರುಪಾಕ್ಷಿ! ಬ್ರಹ್ಮದೇವ್ರು ಬಂದು ಅಡ್ಡ ಮಲಗಿದ್ರೂ ಅದ ಹೆಸರು!"

ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಹೀಗೆ ಘೋಷಣೆ ಹೊರಡಿಸಿದವನು ಕುಷ್ಟಗಿಯ ಬಸ್ ಕಂಡಕ್ಟರ್ ವಿರುಪಾಕ್ಷಿ. ಬ್ರಹ್ಮದೇವರು ಅಡ್ಡ ಮಲಗುವ ಅಗತ್ಯವೇ ಬೀಳಲಿಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ದ್ರಾಕ್ಷಾಯಿಣಿ ಒಬ್ಬಳೇ ಸಾಕಾಗಿದ್ದಳು.

"ಅಪ್ಪಂದೂ ಮಗಂದೂ ಒಂದ ಹೆಸರು ಯಾರ ಮನ್ಯಾಗ ಐತ್ರಿ? ಗಂಡನ ಹೆಸರು ಬಾಯಿಲೆ ಹೇಳಬಾರದು ಅಂತ ನಮ್ಮವ್ವ ಕಟ್ಟಪ್ಪಣಿ ಮಾಡ್ಯಾಳ. ನಾಳೆ ಮಗನ್ನ ಊಟಕ್ಕ ಏನಂತ ಕರೀಲಿ? ಕರಿಯಾಕ ಓಣಿ ಮಂದೀನ ಕೂಲಿಗೆ ಹಚ್ಚಲೇನು? ಸುಭಾಷ್ ಅಂತ ಇಡೂಣು. ಬಾಯಿ ತುಂಬ ಕರಿಯಾಕ ಬರತೈತಿ."

"ಲೇ, ಇದು ನನ್ನ ಹೆಸರು ಅಂತ ಇಡಾಕ ಹೊಂಟಿಲ್ಲ. ಇದು ದೊಡ್ಡ ದೊಡ್ಡ ಮಂದಿ ಹೆಸರು! ಈ ಹೆಸರಿನಾಂವ ಅಂಜಬುರುಕ ಆಗಾಕ ಸಾಧ್ಯನ ಇಲ್ಲ!"

ಮಾತಿಗೆ ಆಧಾರವಿತ್ತು. ದಿನಾ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತ ಹರಿಯುತ್ತ ವಿರುಪಾಕ್ಷಿ ತನ್ನ ಹೆಸರಿನ ಗಣ್ಯರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ದೋಸ್ತಿ ಮಾಡಿಕೊಂಡಿದ್ದ. ಯಲಬುರ್ಗಾದ ವಿರುಪಾಕ್ಷಿ ಪೈಲ್ವಾನ. ಅವನು ತೊಡೆ ತಟ್ಟಿದರೆ ಎದುರಾಳಿ ಅಖಾಡದಿಂದ ಸೀದಾ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದನಂತೆ. ಗಂಗಾವತಿಯ ವಿರುಪಾಕ್ಷಿ ಬಯಲಾಟದ ರಕ್ಕಸ ಪಾತ್ರಧಾರಿ. ಅವನ ಹೂಂಕಾರಕ್ಕೆ ಮುಂದೆ ಕೂತ ಹುಡುಗರೆಲ್ಲ ಅವ್ವನ ಸೆರಗಿನೊಳಗೆ. ಆನೆಗೊಂದಿಯ ವಿರುಪಾಕ್ಷಿ ಬಾಳೆನಾರಿನ ಕುಶಲಕರ್ಮಿ. ಶಾಲು, ಹಾರ, ಫಲಕಗಳಿಂದ ಅವನ ಗೋಡೆಯೇ ಕಾಣುತ್ತಿರಲಿಲ್ಲ. ಇನ್ನು ತಳಕಲ್ಲಿನ ವಿರುಪಾಕ್ಷಿ ಹಾವು ಹಿಡಿಯುವುದರಲ್ಲಿ ಹೆಸರುವಾಸಿ. ಈ ನಾಲ್ಕನೆಯವನ ಪಕ್ಕ ಮಾತ್ರ ನಮ್ಮ ಕಂಡಕ್ಟರ್ ಎಂದೂ ಕೂತವನಲ್ಲ. ಒಂದು ಸೀಟು ಬಿಟ್ಟೇ ದೋಸ್ತಿ!

ಯಾಕೆಂದರೆ, ಈ ಮಾತು ನಿಮ್ಮಲ್ಲೇ ಇರಲಿ, ನಮ್ಮ ವಿರುಪಾಕ್ಷಿಗೆ ಹಲ್ಲಿ ಕಂಡರೂ ಜೀವ ಬಾಯಿಗೆ ಬರುತ್ತಿತ್ತು. ಒಮ್ಮೆ ಸೀಟಿನ ಕೆಳಗೆ ಹಲ್ಲಿ ಕಂಡದ್ದಕ್ಕೆ "ಇಂಜಿನ್ ಭಾಳ ಕಾದೈತಿ, ಇಳೀರಿ ಇಳೀರಿ" ಎಂದು ಬಸ್ಸು ತುಂಬ ಜನರನ್ನು ಬಿಸಿಲಿಗೆ ಇಳಿಸಿದ್ದ. ಡ್ರೈವರಿಗೆ ಇವತ್ತಿಗೂ ಅದರ ಕಾರಣ ಗೊತ್ತಿಲ್ಲ.

ದ್ರಾಕ್ಷಾಯಿಣಿ ಕೈಯ ಹಿಟ್ಟು ಝಾಡಿಸಿ ಎದ್ದಳು. "ಆತು. ತೊಟ್ಟಿಲ ದಿನ ನಿಮ್ಮ ವಿರುಪಾಕ್ಷಿಗಳನ್ನೆಲ್ಲ ಕರೀರಿ. ಆ ಹೆಸರಿನಾಗ ಎಷ್ಟು ಧೈರ್ಯ ಐತಿ ನಾನೂ ನೋಡತೀನಿ. ಖರೆ ಅನಸಿದ್ರ ನಿಮ್ಮ ಹೆಸರು. ಇಲ್ಲಾಂದ್ರ ಸುಭಾಷ್. ಆಮ್ಯಾಲೆ ತಕರಾರು ಮಾಡಂಗಿಲ್ಲ!"

"ಗೆದ್ದೆ!" ಎಂದುಕೊಂಡ ವಿರುಪಾಕ್ಷಿ. ಅಂದೇ ಬಾಡಿಗೆ ಮೈಕಿಗೂ ಹೇಳಿಬಂದ.

ತೊಟ್ಟಿಲ ದಿನ ಮನೆ ತುಂಬ ಹೆಂಗಸರು, ಅಂಗಳ ತುಂಬ ಗಂಡಸರು. ಪಡಸಾಲೆಯ ತೊಲೆಗೆ ತೊಟ್ಟಿಲು ಕಟ್ಟಿತ್ತು, ಕೂಸು ಅದರಲ್ಲಿ ಗಡದ್ದಾಗಿ ನಿದ್ದೆ ಹೊಡೆಯುತ್ತಿತ್ತು. ಕಿವಿಯಲ್ಲಿ ಕುರ್ ಎಂದು ಹೆಸರು ಹೇಳಬೇಕಾದ ಸೋದರತ್ತೆ, ವಿರುಪಾಕ್ಷಿಯ ತಂಗಿ ಸುಮಂಗಲಾ, ಶಾಸ್ತ್ರದಂತೆ ಹೆಂಗಸರಿಂದ ಬೆನ್ನಿಗೆ ಬೀಳಲಿರುವ ಗುದ್ದುಗಳಿಗೆ ಈಗಲೇ ಹೆದರಿ ಬೆನ್ನಿಗೆ ಟವೆಲ್ ಸುತ್ತಿಕೊಂಡಿದ್ದಳು. ಮೈಕು ಮಾತ್ರ ವಿರುಪಾಕ್ಷಿಯ ಕೈಬಿಟ್ಟು ಅಲುಗಲಿಲ್ಲ. ಯಾರು ಏನು ಆಯೇರಿ, ಉಡುಗೊರೆ ತಂದರೂ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

ಪೈಲ್ವಾನ ಬಂದ, ಬಾಗಿಲೇ ಸಣ್ಣದಾಯಿತು. ರಕ್ಕಸ ಬಂದ, "ಕೂಸೆಲ್ಲೈತಿ?" ಎಂದು ಕೇಳಿದ್ದಕ್ಕೇ ವಿರುಪಾಕ್ಷಿಯ ತಾಯಿ ಶಿವಲಿಂಗಮ್ಮನ ಕೈಯ ಆರತಿ ತಟ್ಟೆ ನಡುಗಿತು. "ನೋಡಿದೇನು?" ಎಂದು ವಿರುಪಾಕ್ಷಿ ಹೆಂಡತಿಯ ಕಡೆ ಹುಬ್ಬು ಹಾರಿಸಿದ. ತಳಕಲ್ಲಿನವನು ಬೈಕಿನಿಂದ ಇಳಿದವನೇ ನಕ್ಕು ಕೈ ಚಾಚಿದವನು ಹಿಂದಕ್ಕೆ ಎಳೆದುಕೊಂಡ. "ಕೈ ಹೊಲಸಾಗೇತ್ರಿ, ಮೊದಲ ತೊಳ್ಕೊಂತೀನಿ. ದಾರ್ಯಾಗ ಒಂದು ಕೆಲಸ ಬಂದಿತ್ತು, ಮುಗಿಸಿಕೊಂಡು ಬಂದೆ." ವಿರುಪಾಕ್ಷಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದ. ಅದು ಎಂಥ ಕೆಲಸ ಎಂದು ಕೇಳಲಿಲ್ಲ. ಕೇಳಬೇಕಿತ್ತು!

ಆನೆಗೊಂದಿಯವನು ಮಾತ್ರ ಇನ್ನೂ ಬಂದಿರಲಿಲ್ಲ. ತೊಟ್ಟಿಲಿಗೆಂದೇ ಬಾಳೆನಾರಿನ ಹಗ್ಗ ಹೊಸೆದು ತರುವುದಾಗಿ ಮಾತು ಕೊಟ್ಟಿದ್ದ. ಅಷ್ಟರಲ್ಲಿ ಪಕ್ಕದ ಮನೆಯ ಬಾನುಬೀ ಒಂದು ಬಟ್ಟೆಯ ಚೀಲ ಹಿಡಿದು ಒಳಗೆ ಬಂದಳು.

"ಅಣ್ಣಾ, ವಿರುಪಾಕ್ಷಿ ಅನ್ನಾರು ಇದನ್ನ ಹೊರಗ ಬೇವಿನ ಗಿಡಕ್ಕ ತೂಗು ಹಾಕಿ ಮರತಾರ ನೋಡ್ರಿ. ಮಂದಿ ಓಡ್ಯಾಡತಾರ, ಆಯೇರಿ ಚೀಲ ಕಳದಗಿಳದೀತು ಅಂತ ತಂದೆ."

ಯಾವ ವಿರುಪಾಕ್ಷಿ ಎಂದು ಅವಳು ಹೇಳಲಿಲ್ಲ, ಇವನೂ ಕೇಳಲಿಲ್ಲ. ಚೀಲವನ್ನು ಮುಟ್ಟಿ ನೋಡಿದ. ಒಳಗೆ ಸುರುಳಿ ಸುರುಳಿ, ನುಣುಪು, ತಂಪು. ಮುಖ ಅರಳಿತು!

"ಆನೆಗೊಂದಿಯ ಸುಪ್ರಸಿದ್ಧ ಕಲಾವಿದರಾದ ವಿರುಪಾಕ್ಷಿ ಅವರಿಂದ," ಮೈಕು ಗುಡುಗಿತು, "ಕೂಸಿನ ತೊಟ್ಟಿಲಿಗೆ ಬಾಳೆನಾರಿನ ಹಗ್ಗ! ಏನು ನುಣುಪು, ಏನು ಕಸಬು! ಜೀವಂತ ಐತೇನೋ ಅನ್ನಂಗ ಐತಿ!"

ಚಪ್ಪಾಳೆ ಬಿದ್ದವು. ಹೆಸರಿಡುವ ಹೊತ್ತಿಗೆ ಎಲ್ಲರ ಮುಂದೆ ಠೀವಿಯಿಂದ ಎಳೆದು ತೆಗೆಯೋಣವೆಂದು ವಿರುಪಾಕ್ಷಿ ಚೀಲದ ಬಾಯಿಯ ಗಂಟು ಬಿಚ್ಚಿ ತೊಟ್ಟಿಲ ಕೆಳಗಿಟ್ಟ. ಸುಮಂಗಲಾ ಬಗ್ಗಿದಳು. ಹೆಂಗಸರು ಗುದ್ದಲು ಕೈ ಎತ್ತಿದರು. ಸರಿಯಾಗಿ ಆಗ ಬಾಗಿಲಲ್ಲಿ ಒಬ್ಬ ನಿಂತು ಏದುಸಿರು ಬಿಡುತ್ತ ಹೇಳಿದ:

"ತಡ ಆತ್ರಿ, ಗಂಗಾವತ್ಯಾಗ ಬಸ್ ತಪ್ಪಿಬಿಡ್ತು. ಹಗ್ಗ ತಂದೀನಿ ನೋಡ್ರಿ."

ಆನೆಗೊಂದಿಯ ವಿರುಪಾಕ್ಷಿ! ಹೆಗಲ ಮೇಲೆ ಬಾಳೆನಾರಿನ ಹಗ್ಗ!

ಕಂಡಕ್ಟರ್ ತೊಟ್ಟಿಲ ಕೆಳಗಿನ ಚೀಲದ ಕಡೆ ತಿರುಗಿದ. ಅವನ ಹೆಗಲ ಮೇಲಿರುವುದು ಹಗ್ಗವಾದರೆ ಚೀಲದಲ್ಲಿರುವುದು ಏನು? ಕೇಳಲು ಬಾಯಿ ತೆರೆಯುವ ಮೊದಲೇ ಅಂಗಳದಿಂದ, ಒದ್ದೆ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದ ತಳಕಲ್ಲಿನವನ ದನಿ ಕೇಳಿತು.

"ಯಾರ‍್ರೀ ಅದು, ಗಿಡಕ್ಕ ಹಾಕಿದ್ದ ನನ್ನ ಚೀಲ ತಗದಾರು? ಅದರಾಗ ಹಾವು ಐತ್ರೀ!"

ತೊಟ್ಟಿಲ ಕೆಳಗೆ ಚೀಲ ಮಿಸುಕಿತು. ಬಾಯಿಂದ ಒಂದು ತಲೆ ಹೊರಬಂತು, ಹಿಂದೆಯೇ ಮಾರುದ್ದದ ಮೈ.

"ಹಾವೂ!"

ಆಮೇಲೆ ನಡೆದದ್ದನ್ನು ನೋಡಲು ಎರಡು ಕಣ್ಣು ಸಾಲದು. ಹೆಂಗಸರು ಒಂದೇ ಗುಂಪಾಗಿ ಹೊರಗೆ ನುಗ್ಗಿದರು, ಅವರಿಗಿಂತ ಮೊದಲು ಪೈಲ್ವಾನ ನುಗ್ಗಿದ್ದ. ಹಗ್ಗದವನು ಹಗ್ಗ ಬಿಟ್ಟು ಓಡಿದ. ಕೆಳಗೆ ಬಿದ್ದ ಆ ಹಗ್ಗ ಕಂಡು ಇನ್ನೊಂದು ಹಾವೆಂದು ರಕ್ಕಸ ಕಾಂಪೌಂಡು ಹಾರಿ ಬಾನುಬೀಯ ಕೋಳಿಗೂಡಿನ ಹಿಂದೆ ಕೂತ. ಹಾವು ಬೆನ್ನು ಹತ್ತದಿರಲಿ ಎಂದು ಪೈಲ್ವಾನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಅಷ್ಟು ಸಾಲದೆಂದು ತಾನೇ ಅದಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟ.

ಒಳಗೆ ಉಳಿದವರು ದ್ರಾಕ್ಷಾಯಿಣಿ, ತೊಟ್ಟಿಲಲ್ಲಿ ಕೂಸು, ನೆಲದ ಮೇಲೆ ಹಾವು. ಮತ್ತು ನಮ್ಮ ವಿರುಪಾಕ್ಷಿ. ಅವನು ನೆಲದ ಮೇಲೆ ಇರಲಿಲ್ಲ. ಜೋಳದ ಚೀಲಗಳ ಅಟ್ಟಿ ಏರಿ, ಆ ಅಟ್ಟಿ ಉರುಳಿ ಬೀಳುವುದರೊಳಗೆ ಅಟ್ಟಕ್ಕೆ ಜಿಗಿದಾಗಿತ್ತು. ಮೈಕು ಕೈಯಲ್ಲೇ ಇತ್ತು. ಅವನ ಹಲ್ಲು ಕಟಕಟಿಸುವುದು ಓಣಿಗೆಲ್ಲ ಕೇಳುತ್ತಿತ್ತು.

ದ್ರಾಕ್ಷಾಯಿಣಿ ಅಡುಗೆಮನೆಯ ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದಳು. ಅವಳಿಗೂ ತೊಟ್ಟಿಲಿಗೂ ನಡುವೆ ಹಾವು ಹೆಡೆಯಿಲ್ಲದ ತಲೆ ಎತ್ತಿ ಆಚೀಚೆ ನೋಡುತ್ತಿತ್ತು. ಅಟ್ಟ ತೊಟ್ಟಿಲಿಗೆ ಹತ್ತಿರ. ಅಲ್ಲಿಂದ ಬಗ್ಗಿದರೆ ಕೂಸು ಕೈಗೆ ಸಿಗುವಂತಿತ್ತು.

ಮದುವೆಯಾದಾಗಿನಿಂದ ಯಾರೂ ಕೇಳದ ಒಂದು ಕೂಗು ಆ ಮನೆಯಲ್ಲಿ ಎದ್ದಿತು.

"ವಿರುಪಾಕ್ಷೀ! ಕೂಸಿನ್ನ ಎತ್ತಿಕೋ!"

"ನನ್ನಲ್ಲ, ಆ ರಕ್ಕಸನ್ನ ಕರ‍್ಯಾಕತ್ತಾಳ!" ಎಂದ ಬಾಗಿಲ ಆಚೆಯ ಪೈಲ್ವಾನ. "ಪೈಲ್ವಾನನ್ನ ಕರದಾಳ!" ಎಂದ ಕೋಳಿಗೂಡಿನ ಹಿಂದಿನ ರಕ್ಕಸ. ಆನೆಗೊಂದಿಯವನು ಏನೆಂದನೋ ತಿಳಿಯದು, ಅಷ್ಟರಲ್ಲಿ ಅವನು ಬಸ್ ಸ್ಟ್ಯಾಂಡ್ ಮುಟ್ಟಿದ್ದ. ಅಟ್ಟದ ಮೇಲಿನ ವಿರುಪಾಕ್ಷಿಯೂ ಅದೇ ಯೋಚಿಸಿದ: 'ಇವಳು ನನ್ನ ಹೆಸರು ಹೇಳೋಳಲ್ಲ. ಪೈಲ್ವಾನನ್ನೇ ಕರೆದಿರಬೇಕು!'

ಆದರೆ ಅವಳು ನೋಡುತ್ತಿದ್ದದ್ದು ಅಟ್ಟದ ಕಡೆಗೆ. ವಿರುಪಾಕ್ಷಿಗೆ ಕಣ್ಣಲ್ಲಿ ನೀರು ಬಂತು. ಕೂಸು ಕೆಳಗೆ, ತಾನು ಮೇಲೆ! ಬಗ್ಗು ಎಂದು ಮೈಗೆ ಹೇಳಿದ, ಮೈ ಕೇಳಲಿಲ್ಲ. ದೇವರನ್ನು ಕರೆಯಲು ನೋಡಿದ, ದೇವರ ಹೆಸರೂ ನೆನಪಿಗೆ ಬರಲಿಲ್ಲ.

ಹೊರಗೆ ತಳಕಲ್ಲಿನವನು ಬಾಯಿ ಬಡಿದುಕೊಳ್ಳುತ್ತಿದ್ದ. "ಪೈಲ್ವಾನ್ರ, ಸರೀರಿ! ಹಾವು ಹಿಡ್ಯಾಂವ ನಾನ್ರೀ!"

"ಬಾಗಿಲಾ ತಗದ್ರ ಹಾವು ಹೊರಗ ಬರತೈತಿ! ತಗ್ಯಂಗಿಲ್ಲ!" ಪೈಲ್ವಾನ ಅವನ ಕುತ್ತಿಗೆಯನ್ನು ಕಂಕುಳಲ್ಲಿ ಅಮುಕಿ ಹಿಡಿದಿದ್ದ. ಜೀವನದಲ್ಲೇ ಅಷ್ಟು ಬಿಗಿಯಾದ ಪಟ್ಟು ಹಾಕಿರಲಿಲ್ಲ.

ಒಳಗೆ ದ್ರಾಕ್ಷಾಯಿಣಿ ಇನ್ನು ಯಾರಿಗೂ ಕಾಯಲಿಲ್ಲ. ಸೀರೆ ಎತ್ತಿ ಕಟ್ಟಿ, "ಯವ್ವಾ!" ಎಂದು ಕಣ್ಣುಮುಚ್ಚಿ ಹಾವಿನ ಮೇಲೆಯೇ ಹಾರಿದಳು. ಕೂಸನ್ನು ಎತ್ತಿ ಎದೆಗೆ ಅವಚಿಕೊಂಡು ಗೋಡೆಗೆ ಒರಗಿದಳು. ಹಿಡಿತ ಸಡಿಲಾಗಲೇ ಇಲ್ಲ.

ಕೊನೆಗೆ ಪೈಲ್ವಾನನ ಕಂಕುಳಿಂದ ತಪ್ಪಿಸಿಕೊಂಡ ತಳಕಲ್ಲಿನವನು ಹಿತ್ತಲ ಬಾಗಿಲಿಂದ ಬಂದು, ಹಾವನ್ನು ಬಾಲ ಹಿಡಿದು ಎತ್ತಿ ಚೀಲಕ್ಕೆ ಇಳಿಸಿದ.

"ಕೇರಿ ಹಾವ್ರಿ ತಂಗಿ, ವಿಷಾ ಇಲ್ಲ. ಇಲಿ ತಿಂದು ಬದುಕೂ ಜೀವ. ಸಂಜೀಕ ಗುಡ್ಡಕ್ಕ ಬಿಡಬೇಕಂತ ಗಿಡಕ್ಕ ಹಾಕಿದ್ದೆ."

"ನಿಮಗ ಅಂಜಿಕಿ ಅನ್ನೂದ ಇಲ್ಲೇನ್ರೀ ಅಣ್ಣಾರ?"

"ಅಂಜಿದ್ನಿರಿ!" ಅವನು ಕುತ್ತಿಗೆ ತಿಕ್ಕಿಕೊಂಡ. "ಹಾವಿಗಲ್ಲ, ಆ ಪೈಲ್ವಾನಗ."

ಬಾಗಿಲ ಚಿಲಕ ಸರಿಯಿತು. ಹೆಂಗಸರು ಒಬ್ಬರ ಹಿಂದೊಬ್ಬರು ಇಣುಕಿದರು. ಪೈಲ್ವಾನ ಎಲ್ಲರಿಗಿಂತ ಹಿಂದೆ, ಶಿವಲಿಂಗಮ್ಮನ ಮರೆಯಲ್ಲಿ. ಇಷ್ಟೆಲ್ಲ ನಡೆದರೂ ಕೂಸು ಕಣ್ಣು ಬಿಟ್ಟಿರಲಿಲ್ಲ. ದ್ರಾಕ್ಷಾಯಿಣಿ ಅದನ್ನು ಮತ್ತೆ ತೊಟ್ಟಿಲಲ್ಲಿ ಮಲಗಿಸಿದಳು. ಸುಮಂಗಲಾ ಬಗ್ಗಿ ಕೇಳಿದಳು:

"ಅಣ್ಣಾ, ಕಿವ್ಯಾಗ ಏನಂತ ಹೇಳ್ಲಿ?"

ದ್ರಾಕ್ಷಾಯಿಣಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಮೇಲೆ ಅಟ್ಟದ ಕಡೆ ನೋಡಿದಳು.

"ಹಾವು ಬಂದಾಗ ಈ ಮನ್ಯಾಗ ಅಂಜಲಾರದಾಂವ ಇವನೊಬ್ಬನ. ಯಾಕಂದ್ರ ಆ ಹೆಸರು ಇನ್ನೂ ಇವನ ಕಿವಿಗೆ ಬಿದ್ದಿಲ್ಲ! ಏನಂತೀರಿ?"

ವಿರುಪಾಕ್ಷಿ ಕೆಳಗೆ ನೋಡಿದ. ಏರಿಬಂದ ಜೋಳದ ಚೀಲಗಳೆಲ್ಲ ಉರುಳಿ ಚೆಲ್ಲಾಪಿಲ್ಲಿಯಾಗಿದ್ದವು. ಪಕ್ಕದಲ್ಲೇ ಗೋಡೆಯ ಮೇಲೆ ಒಂದು ಹಲ್ಲಿ ಲೊಚಗುಟ್ಟಿತು. ಅವನು ಮೈಕನ್ನು ಮೆಲ್ಲಗೆ ಬಾಯಿಯ ಹತ್ತಿರ ತಂದ. ಇಡೀ ಓಣಿ ಕಿವಿಗೊಟ್ಟಿತು.

"ಎಲ್ಲರೂ ಲಕ್ಷ್ಯಗೊಟ್ಟು ಕೇಳ್ರಿ. ಕೂಸಿನ ಹೆಸರು ಸುಭಾಷ್..." ದನಿ ಸಣ್ಣಗಾಯಿತು. "ಮತ್ತ, ನಿಮ್ಮೊಳಗ ವಿರುಪಾಕ್ಷಿ ಅಲ್ಲದಾರು ಯಾರಾರ ಇದ್ರ, ಲಗೂನ ಒಂದು ಏಣಿ ತರ್ರಿ!"